ಟಾವರ್ನಿಯರನ ತಕ್ಕಡಿ

ಪರದೇಶೀ ಪ್ರವಾಸಿಗಳ ಗ್ರಂಥಗಳನ್ನು ನಾವು ವೇದವಾಕ್ಯವೆಂದು ನಂಬುತ್ತೇವೆ, ಇಲ್ಲವೆ ಕಟ್ಟುಕಥೆಯೆಂದು ತಳ್ಳಿಬಿಡುತ್ತೇವೆ. ಫ್ರಾನ್ಸಿನ ರತ್ನವ್ಯಾಪಾರಿ ಟಾವರ್ನಿಯರನ (೧೬೦೫-೧೬೮೯) ಪ್ರವಾಸಗ್ರಂಥಕ್ಕೆ ಈ ಎರಡೂ ಸಲ್ಲವು. ಪೂರ್ವದೇಶಗಳಿಗೆ ಆರು ಸಲ ಪ್ರಯಾಣ ಮಾಡಿದ ಆತನ ಗ್ರಂಥ ೧೬೭೬ರಲ್ಲಿ ಪ್ರಕಟವಾಯಿತು. ಅದರ ಭಾರತದ ಭಾಗವನ್ನು ವ್ಯಾಲೆಂಟೈನ್ ಬಾಲ್ ೧೮೮೯ರಲ್ಲಿ ಇಂಗ್ಲಿಷಿಗೆ ತಂದರು.

ಅದರಲ್ಲಿ ನಮಗೆ ಹತ್ತಿರವಾದದ್ದು ರಾವೊಲ್‌ಕೊಂಡದ ವಜ್ರದ ಗಣಿಯ ವರ್ಣನೆ. ಅದು ಆಗ ವಿಜಾಪುರದ ಆದಿಲಶಾಹಿಯ ಸೀಮೆ. ಕರ್ನೂಲಿನ ಬಳಿಯ ರಾಮಳ್ಳಕೋಟವೇ ಅದೆಂದು ಬಾಲ್ ಗುರುತಿಸಿದರು. ಅಲ್ಲಿ ವ್ಯಾಪಾರಿಗಳು ಎದುರುಬದುರು ಕುಳಿತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆಲೆ ಕುದುರಿಸುತ್ತಿದ್ದರು. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ತುದಿಗೆ ಹತ್ತು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ವ್ಯವಹರಿಸುವ ನಮ್ಮ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಹಿರಂಗ ಹರಾಜು ಬರುವ ಮುನ್ನ ಧಾನ್ಯದ ಪೇಟೆಗಳಲ್ಲಿಯೂ ಟವಲಿನಡಿ ಇದೇ ಭಾಷೆ ನಡೆಯುತ್ತಿತ್ತು. ಕಸುಬುದಾರನ ಕಣ್ಣಿಲ್ಲದೆ ಇಷ್ಟು ನಿಖರವಾಗಿ ಬರೆಯಲಾಗದು.

ಆದರೆ ಆ ಕಣ್ಣಿಗೊಂದು ಮಿತಿಯೂ ಉಂಟು. ಕೊಳ್ಳುವವ, ಮಾರುವವ, ಖರೀದಿಯ ಮೇಲೆ ನೂರಕ್ಕೆ ಎರಡು ಪಡೆಯುವ ಅರಸ, ಎಲ್ಲರೂ ವಿವರವಾಗಿ ಬರುತ್ತಾರೆ. ಅಗೆಯುವವನಿಗೆ ಮಾತ್ರ ಕೆಲವೇ ಸಾಲು: ಕೆಲಸ ಚೆನ್ನಾಗಿ ಬಲ್ಲವನಿಗೂ ವರ್ಷಕ್ಕೆ ಮೂರು ವರಹ. ಕೂಲಿ ಇಷ್ಟು ಕಡಿಮೆಯಾದ್ದರಿಂದ ಅವರು ಕಲ್ಲನ್ನು ನುಂಗಿ ಬಚ್ಚಿಡಲು ಹಿಂಜರಿಯರು ಎಂದು ಬರೆದು ಲೇಖಕ ಮುಂದೆ ಸಾಗುತ್ತಾನೆ. ಕೃಷ್ಣಾ ತೀರದ ಕೊಲ್ಲೂರು ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಅರವತ್ತು ಸಾವಿರ ಜನ ದುಡಿಯುತ್ತಿದ್ದರೆನ್ನುತ್ತಾನೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿಯಲಿಲ್ಲ. ಆತ ಹದಿನಾಲ್ಕನೆಯ ಲೂಯಿಗೆ ಮಾರಿದ ನೀಲಿ ವಜ್ರಕ್ಕಾದರೋ ಮೂರುವರೆ ಶತಮಾನದ ಚರಿತ್ರೆಯಿದೆ. ಮತ್ತೆ ಮತ್ತೆ ಕಡೆದ ಅದು ಹೋಪ್ ವಜ್ರವೆಂಬ ಹೆಸರಿನಲ್ಲಿ ೧೯೫೮ರಿಂದ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕಾಗಿ ಟಾವರ್ನಿಯರನನ್ನು ಜರೆಯುವುದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಕಳವಿನ ಮೂಲ ಕೂಲಿಯಲ್ಲಿದೆ ಎಂಬುದನ್ನು ಆತ ಮುಚ್ಚಿಡಲಿಲ್ಲ. ಅವನಲ್ಲಿ ಮರುಕ ಕಡಿಮೆ, ಲೆಕ್ಕ ಚೊಕ್ಕ. ಆ ಲೆಕ್ಕದಿಂದಲೇ ಮೂರು ವರಹದ ಸಂಗತಿ ನಮಗೆ ತಲುಪಿತು.

ಊರು ಬಿಟ್ಟು ಬಂದು ಇಲ್ಲಿ ಅಂಗಡಿಯಿಟ್ಟವರ, ಮೂಟೆ ಹೊತ್ತವರ ಕಥೆಯನ್ನು ನಾಳೆ ಯಾರಾದರೂ ಬರೆಯಬಹುದು. ಅದರಲ್ಲಿ ಮಾಲಿನ ದರದ ಜೊತೆ ಹಮಾಲಿಯ ದರವೂ, ಹಮಾಲನ ಹೆಸರೂ ಇರಲಿ.