ಕೋಡಂಗಿಯಿಲ್ಲದ ರಂಗ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಡಗುತಿಟ್ಟಿನ ಯಕ್ಷಗಾನಕ್ಕೆ ಇಂದು ಹವ್ಯಾಸಿಗಳ ಮಹಾಪೂರವೇ ಹರಿದುಬಂದಿದೆ. 1971ರಲ್ಲಿ ಉಡುಪಿಯ ಯಕ್ಷಗಾನ ಕೇಂದ್ರವೂ 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳವೂ ಕಲಿಕೆಯ ಬಾಗಿಲನ್ನು ವೃತ್ತಿಮೇಳಗಳ ಹೊರಗೂ ತೆರೆದವು. ಇದು ಸ್ವಾಗತಾರ್ಹವೇ ಸರಿ.

ವಿಮರ್ಶೆಗೆ ವಿಷಯವಾಗಬೇಕಾದುದು ಬಂದವರ ಸಂಖ್ಯೆಯಲ್ಲ, ಅವರು ಏರುವ ಮೆಟ್ಟಿಲು. ಹಿಂದೆ ಮೇಳ ಸೇರಿದ ಬಾಲಕನು ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷವಾಗಿ ಬೆಳೆದು, ಬಹುಕಾಲದ ಮೇಲೆ ಪುರುಷವೇಷಕ್ಕೆ ಅರ್ಹನಾಗುತ್ತಿದ್ದನು. ತನ್ನ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಿದ್ದನು. ಪೂರ್ವರಂಗವೇ ಅವನ ಪಾಠಶಾಲೆ. ಎರಡು-ಮೂರು ಗಂಟೆಗಳ ಕಾಲಮಿತಿಯ ಆಟದಲ್ಲಿ ಸಾಮಾನ್ಯವಾಗಿ ಆ ಪೂರ್ವರಂಗವೇ ಲೋಪವಾಗಿದೆ. ಹೊಸಬನು ಬಾಡಿಗೆಯ ವೇಷ ತೊಟ್ಟು, ಅನ್ಯರಿಂದ ಬಣ್ಣ ಬರೆಸಿಕೊಂಡು, ನೇರವಾಗಿ ಅರ್ಜುನನೇ ಆಗಿಬಿಡುತ್ತಾನೆ. ಹಾರಾಡಿ, ಮಟಪಾಡಿ ತಿಟ್ಟುಗಳ ಸೂಕ್ಷ್ಮಭೇದವು ಅವನ ಹೆಜ್ಜೆಯಲ್ಲಿ ಕಾಣದಿದ್ದರೆ ಆಶ್ಚರ್ಯವೇನು? ದೋಷ ಹೊಸಬನದಲ್ಲ, ಅವನಿಗೆಂದೇ ಇದ್ದ ಸ್ಥಾನವನ್ನು ಕಿತ್ತುಹಾಕಿದವರದು.

ಷಟ್‌ಸ್ಥಲ ಮಾರ್ಗದಲ್ಲಿ ಭಕ್ತಸ್ಥಲವನ್ನು ಹಾರಿ ಐಕ್ಯಕ್ಕೆ ಸಲ್ಲುವವರಿಲ್ಲ. ಹವ್ಯಾಸಿ ಸಂಘಗಳು ಪ್ರತಿಯೊಂದು ಆಟಕ್ಕೂ ಅರ್ಧಗಂಟೆಯ ಪೂರ್ವರಂಗವನ್ನು ಮರಳಿಸಲಿ. ಕಲೆಯೂ ಉಳಿದೀತು, ಕಲಿಯುವವನೂ ಬೆಳೆದಾನು.