ಕ್ರೋಶಾ ಅಂಚು: ಒಂದು ಔಚಿತ್ಯವಿಚಾರ

ಕನ್ನಡ ನಾಡಿನ ಸೂಜಿಗೆಲಸವನ್ನು ಕುರಿತು ಮಾತು ಬಂದೊಡನೆ ಧಾರವಾಡದ ಕಸೂತಿ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ದಿಂಬಿನ ಗವಸು, ಮೇಜಿನ ಹಾಸು, ತಟ್ಟೆ ಮುಚ್ಚುವ ವಸ್ತ್ರ ಇವುಗಳ ಅಂಚಿಗೆ ಕೊಕ್ಕೆಸೂಜಿಯಿಂದ ಹೆಣೆದು ಕೂಡಿಸುವ ಕ್ರೋಶಾ ಕೆಲಸವನ್ನು ಕಲೆಯೆಂದು ಎಣಿಸುವವರು ವಿರಳ. ಇದಕ್ಕೆ ಹೇಳುವ ಕಾರಣಗಳು ಎರಡು: ಇದು ಪರದೇಶದ್ದು, ಇದು ಹೆಂಗಸರ ಬಿಡುವಿನ ಕೆಲಸ. ಇವೆರಡನ್ನೂ ಪರಿಶೀಲಿಸುವುದು ಅವಶ್ಯಕ.

ಪರದೇಶದ್ದೆಂಬುದು ನಿಜ. 1845ರಲ್ಲಿ ತಲೆದೋರಿದ ಕ್ಷಾಮದಿಂದ ಐರ್ಲೆಂಡಿನ ಬಡ ಕುಟುಂಬಗಳು ತತ್ತರಿಸಿದಾಗ ಈ ಹೆಣಿಗೆಯೇ ಅನೇಕರಿಗೆ ಅನ್ನವಾಯಿತು. ಆಂಧ್ರದ ನರಸಾಪುರಕ್ಕೆ ಇದನ್ನು ತಂದವರು ಕ್ರೈಸ್ತ ಮಿಶನರಿಗಳು. ಆದರೆ ಹುಟ್ಟಿದ ಊರು ಕಲೆಯ ಅಳತೆಗೋಲಲ್ಲ. ಮರಾಠಿ ಮದುವೆಗಳಲ್ಲಿ ವಧುವಿನ ಕಡೆಯವರು ಕೈಗೆಲಸದ ವಸ್ತುಗಳನ್ನು ಜೋಡಿಸಿಡುವ 'ರುಖವತ'ವನ್ನು ಪುಣೆಯಲ್ಲಿ ನೆಲಸಿದ ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಕ್ರೋಶಾ ತೋರಣವೂ ಊಟದ ತಟ್ಟೆಯನ್ನು ಸುತ್ತುವರಿಯುವ ಮಹಿರಪವೂ ಮನೆಯ ಸ್ವಂತ ವಸ್ತುಗಳಾಗಿಯೇ ಮೆರೆಯುತ್ತವೆ.

ಹಾಗಾದರೆ ಅಳತೆಗೋಲು ಯಾವುದು? ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವೇ ಇಲ್ಲಿಗೂ ಸಲ್ಲುತ್ತದೆ. ಕಸೂತಿಯು ಬಟ್ಟೆಯ ಎಳೆಗಳನ್ನೆಣಿಸಿ ಬಟ್ಟೆಯೊಳಗೇ ಮೂಡುತ್ತದೆ. ಕ್ರೋಶಾ ಅಂಚು ಬಟ್ಟೆ ಮುಗಿದಲ್ಲಿ ಆರಂಭವಾಗುತ್ತದೆ. ಆದಕಾರಣ ಇವೆರಡರ ಹೊಂದಿಕೆಯೇ ಮುಖ್ಯ ಪ್ರಶ್ನೆ. ತೆಳುವಾದ ಮಲ್ಲಿಗೆ ದಪ್ಪನೆಯ ದಾರ ಭಾರವಾಗುತ್ತದೆ. ಮೂಲೆಯ ಒಂದೇ ರಂಧ್ರದಲ್ಲಿ ಮೂರು ಹೆಣಿಗೆಗಳನ್ನಾದರೂ ಹಾಕದಿದ್ದರೆ ಅಂಚು ಬಟ್ಟೆಯನ್ನು ಒಳಕ್ಕೆಳೆಯುತ್ತದೆ. ನೇರವಾದ ಬದಿಯಲ್ಲಿ ಹೆಣಿಗೆಗಳು ಅಧಿಕವಾದರೆ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಬಟ್ಟೆಯನ್ನೂ ದಾರವನ್ನೂ ಮೊದಲೇ ನೀರಿಗೆ ಹಾಕದಿದ್ದರೆ ಒಂದು ಕುಗ್ಗಿ ಇನ್ನೊಂದು ಉಳಿದು ಶ್ರಮವೆಲ್ಲ ವ್ಯರ್ಥವಾಗುತ್ತದೆ. ರುಖವತದ ದೋಷವೂ ಇಲ್ಲಿಯೇ ಇದೆ. ನೋಟಕ್ಕೆಂದೇ ಮಾಡಿದ ಅಂಗೈಯಗಲದ ಅಂಚು ಪುಟ್ಟ ಕರವಸ್ತ್ರವನ್ನು ನುಂಗಿಬಿಡುತ್ತದೆ. ಉಪಯೋಗದ ವಸ್ತುವಿನ ಗುಣವನ್ನು ಮದುವೆಯ ಮಂಟಪದಲ್ಲಿ ಅಳೆಯಲಾಗದು. ಹತ್ತಾರು ಸಲ ಒಗೆದ ಮೇಲೆ ಅಳೆಯತಕ್ಕದ್ದು.

ಇನ್ನು 'ಬಿಡುವಿನ ಕೆಲಸ'ವೆಂಬ ಮಾತು. ಮರಿಯಾ ಮೀಸ್ ಅವರು ನರಸಾಪುರದ ಹೆಣಿಗೆಯವರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥವು ಈ ಮಾತಿನ ಬೆಲೆಯೇನೆಂಬುದನ್ನು ತೋರಿಸಿತು. ಅಲ್ಲಿನ ಹೆಂಗಸರು ಮನೆಯಲ್ಲಿ ಕುಳಿತು ಹೊರದೇಶದ ಮಾರುಕಟ್ಟೆಗೆ ದುಡಿಯುತ್ತಿದ್ದರೂ ಅವರನ್ನು ಗೃಹಿಣಿಯರೆಂದೇ ಭಾವಿಸಿದ್ದರಿಂದ ಕೂಲಿ ಅತ್ಯಲ್ಪವಾಗಿತ್ತು. ಬಿಡುವು ಎಂಬ ಹೆಸರು ಕಲೆಯ ಗೌರವವನ್ನೂ ದುಡಿಮೆಯ ಪ್ರತಿಫಲವನ್ನೂ ಏಕಕಾಲದಲ್ಲಿ ಕಸಿಯುತ್ತದೆ. ಈ ಕೇಡನ್ನು ತಡೆಯುವ ದಾರಿ ಪುಣೆಗೆ ಹೊಸದಲ್ಲ. ನಮ್ಮ ಘಟ್ಟಸೀಮೆಯ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಅನಾಥ ಸ್ತ್ರೀಯರಿಗೆ ಹೊಲಿಗೆ, ನೇಯ್ಗೆ, ಮುದ್ರಣಗಳನ್ನು ಜೀವನೋಪಾಯವಾಗಿಯೇ ಕಲಿಸಿದರು.

ಕನ್ನಡ ಸಂಘಗಳು ಕಲಾಪ್ರದರ್ಶನಗಳನ್ನು ಏರ್ಪಡಿಸುವಾಗ ಕಸೂತಿಯ ಪಕ್ಕದಲ್ಲಿ ಕ್ರೋಶಾ ಅಂಚಿಗೂ ಎಡೆ ಕೊಡಲಿ. ಪ್ರತಿಯೊಂದರ ಬಳಿಯಲ್ಲಿ ಹೆಣೆದವಳ ಹೆಸರನ್ನೂ ಅದಕ್ಕೆ ತಗುಲಿದ ದಿನಗಳನ್ನೂ ಬರೆದಿಡಲಿ. ಮನೆಯಲ್ಲಿ ಬಳಸಿ ಹಳತಾದ ಹಾಸೊಂದು ಹೊಸತರ ಜೊತೆಯಲ್ಲಿರಲಿ. ಆಗ ನೋಡುವವನು ಕೇವಲ ಮೆಚ್ಚಿ ಮುಂದೆ ಸಾಗದೆ, ಮೂಲೆಯನ್ನು ಮುಟ್ಟಿ ನೋಡಿ, ತೂಗಿ ಮಾತನಾಡುವನು.