ತಮ್ಮದೇ ಗೋಡೆ, ತಮ್ಮದೇ ತಕರಾರು

ಇಪ್ಪತ್ತು ಕಲಾವಿದೆಯರು ಸೇರಿ 1972ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವೂಸ್ಟರ್ ಸ್ಟ್ರೀಟಿನಲ್ಲಿ ತೆರೆದದ್ದು ಎ.ಐ.ಆರ್. ಗ್ಯಾಲರಿ. ಜಾಗ ರಿಪೇರಿ ಮಾಡಿದವರೂ ಅವರೇ, ಯಾರ ಪ್ರದರ್ಶನ ಯಾವಾಗ ಎಂದು ತೀರ್ಮಾನಿಸಿದವರೂ ಅವರೇ. ಹೆಂಗಸರ ಕೆಲಸವನ್ನು ಗ್ಯಾಲರಿಗಳು ಕಣ್ಣೆತ್ತಿಯೂ ನೋಡದಿದ್ದ ಕಾಲದಲ್ಲಿ ಅದೇ ದೊಡ್ಡ ಮಾತು. ಆದರೆ ಬರೀ ಗೋಡೆ ಸಿಕ್ಕಿತೆಂದು ಈ ಗ್ಯಾಲರಿಯನ್ನು ಮೆಚ್ಚಿಬಿಟ್ಟರೆ ಅದರ ನಿಜವಾದ ಸತ್ವ ಕೈತಪ್ಪುತ್ತದೆ.

ನ್ಯಾನ್ಸಿ ಸ್ಪೆರೊ 1976ರಲ್ಲಿ ಇಲ್ಲಿ ತೋರಿಸಿದ 'ಟಾರ್ಚರ್ ಆಫ್ ವಿಮೆನ್' ನೆನಪಿಸಿಕೊಳ್ಳಿ. ಸುಮಾರು 125 ಅಡಿ ಉದ್ದಕ್ಕೆ ಸಾಗುವ ಕಾಗದ; ಚಿತ್ರಹಿಂಸೆ ಉಂಡ ಹೆಂಗಸರ ಹೇಳಿಕೆಗಳು, ನಡುನಡುವೆ ಪುರಾಣದ ಆಕೃತಿಗಳು, ಆಮೇಲೆ ಬೇಕೆಂದೇ ಉಳಿಸಿದ ಖಾಲಿ. ನಿಂತು ನೋಡಿದರೆ ಸಾಲದು, ನಡೆಯುತ್ತ ಓದಬೇಕು. ಡ್ರಾಯಿಂಗ್ ರೂಮಿಗೆ ಒಗ್ಗದ ಇಂಥ ಕೃತಿಗೆ ಮಾರಾಟವನ್ನೇ ನಂಬಿದ ಗ್ಯಾಲರಿಯಲ್ಲಿ ಜಾಗ ಸಿಗುವುದು ಕಷ್ಟವಿತ್ತು.

ಇನ್ನು, ಸದಸ್ಯೆಯರು ಚಂದಾ ಕಟ್ಟಿ ನಡೆಸುವ ಗ್ಯಾಲರಿಯಲ್ಲಿ ಚಂದಾ ಕಟ್ಟಲಾಗದವಳ ಗತಿಯೇನು? ಬಿಳಿಯಳಲ್ಲದವಳ ಗತಿಯೇನು? ಎರಡನೆಯ ಪ್ರಶ್ನೆಯನ್ನು ಗ್ಯಾಲರಿಯ ಒಳಗಿನಿಂದಲೇ ಎತ್ತಿದವರು ಆನಾ ಮೆಂಡಿಯೆಟಾ, ಕಜುಕೊ ಮಿಯಾಮೊಟೊ ಮತ್ತು ಅಲಿಗಢದಲ್ಲಿ ಹುಟ್ಟಿದ ನಮ್ಮ ಜರೀನಾ. 1980ರಲ್ಲಿ ಮೂವರೂ ಸೇರಿ ರೂಪಿಸಿದ 'ಡಯಲೆಕ್ಟಿಕ್ಸ್ ಆಫ್ ಐಸೊಲೇಶನ್' ಪ್ರದರ್ಶನದಲ್ಲಿ ಎಂಟು ಕಲಾವಿದೆಯರಿದ್ದರು. ಅಮೆರಿಕದ ಸ್ತ್ರೀವಾದ ಬಿಳಿಯ ಮಧ್ಯಮವರ್ಗದ ಚಳವಳಿಯಾಗಿಯೇ ಉಳಿದಿದೆ ಎಂದು ಅದರ ಕ್ಯಾಟಲಾಗಿನಲ್ಲಿ ಮೆಂಡಿಯೆಟಾ ನೇರವಾಗಿಯೇ ಬರೆದಳು.

ಅಲ್ಲಿದ್ದ ಹೊವಾರ್ಡೆನಾ ಪಿಂಡೆಲ್‌ಳ 'ಫ್ರೀ, ವೈಟ್ ಅಂಡ್ 21' ವಿಡಿಯೊ ಇನ್ನೂ ಹರಿತ. ತಾನು ಉಂಡ ವರ್ಣಭೇದದ ಅವಮಾನಗಳನ್ನು ಆಕೆ ದನಿಯೇರಿಸದೆ ಒಂದೊಂದಾಗಿ ಹೇಳುತ್ತಾಳೆ. ಹೊಂಗೂದಲಿನ ವಿಗ್ ತೊಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡು, ಅದನ್ನೆಲ್ಲ ತಳ್ಳಿಹಾಕುವ ಬಿಳಿಯ ಹೆಂಗಸೂ ಆಗುತ್ತಾಳೆ. ಪಿಂಡೆಲ್ ಈ ಗ್ಯಾಲರಿಯ ಸ್ಥಾಪಕಿಯರಲ್ಲೇ ಒಬ್ಬಳು. ಹಾಗಾಗಿ ಏಟು ಹೊರಗಿನವರಿಗೆ ಮಾತ್ರ ಬೀಳಲಿಲ್ಲ. ಅದನ್ನು ತನ್ನ ಗೋಡೆಗಳ ನಡುವೆಯೇ ತೋರಿಸಿತಲ್ಲ, ಗ್ಯಾಲರಿಯ ಅರ್ಧಶತಮಾನದ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಆದರೆ ಒಂದು ಪ್ರದರ್ಶನಕ್ಕೆ ಸಂಸ್ಥೆಯ ಸ್ವಭಾವ ಬದಲಾಗುವುದಿಲ್ಲ. ಮೆಂಡಿಯೆಟಾ 1982ರಲ್ಲಿ ಗ್ಯಾಲರಿ ಬಿಟ್ಟಳು. ಗ್ಯಾಲರಿ ಆಮೇಲೆ ಹೊಸಬರಿಗೆ ಫೆಲೋಶಿಪ್ ಕೊಡತೊಡಗಿತು, ಬ್ರೂಕ್ಲಿನ್‌ಗೆ ಹೋಯಿತು. 2018ರಲ್ಲಿ ಆ ಹಳೆಯ ಪ್ರದರ್ಶನವನ್ನೇ ಮತ್ತೆ ಚರ್ಚೆಗೆ ತಂದಿತು. ಫೆಲೋಶಿಪ್ಪಿನಿಂದ ಚಂದಾದ ತೊಡಕು ಸಡಿಲವಾಯಿತೇ ಹೊರತು ಬಿಚ್ಚಿಹೋಗಲಿಲ್ಲ.